ಕಲಬುರಗಿಯಿಂದ ಗುಲ್ಮಾರ್ಗ್‌ಗೆ: ಸ್ಕೀ ಮೇಲೆ ಜಿಗಿದು ಸುರಕ್ಷಿತವಾಗಿ ನೆಲಕ್ಕಿಳಿಯಲು ಸಮಗ್ರ ಮಾರ್ಗದರ್ಶಿ

"ಸರ್, ಬರ್ಫ್ ಅಂದ್ರ ಹತ್ತಿ ಇದ್ದಂಗ ಇರ್ತದಲ್ರಿ, ಬಿದ್ರ ಏನಾಗ್ತದ?"

ದೀಪಾವಳಿ ಮುಗಿದ ವಾರ ನಮ್ಮ ಕಾಲೇಜಿನ ಎನ್‌ಸಿಸಿ ಹುಡುಗನೊಬ್ಬ ಹೀಗೆ ಕೇಳಿದ. ಸ್ಕೀ, ಅಂದರೆ ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟ ಕಲಿಸುವ, ಕಾಶ್ಮೀರದ ಗುಲ್ಮಾರ್ಗ್‌ನ ಕೋರ್ಸಿಗೆ ಹೊರಟಿದ್ದ. ಫೋನಿನಲ್ಲಿ ಫ್ರೀಸ್ಟೈಲ್ ವಿಡಿಯೊ ನೋಡಿ ನೋಡಿ, ಹೋದ ನಾಲ್ಕನೇ ದಿನಕ್ಕೇ ಗಾಳಿಯಲ್ಲಿ ತಿರುಗಬೇಕೆಂಬ ಆಸೆ ಹುಟ್ಟಿತ್ತು. ನಾನು ಅವನನ್ನು ಮೈದಾನದ ಲಾಂಗ್ ಜಂಪ್ ಗುಂಡಿಯ ಹತ್ತಿರ ಕರೆದುಕೊಂಡು ಹೋದೆ. ಅರ್ಧ ಗುಂಡಿಯ ಮರಳನ್ನು ಸಲಿಕೆಯಿಂದ ಕೆದರಿಸಿ, ಮಳೆಗಾಲ ಕಳೆದು ಗಟ್ಟಿಯಾಗಿದ್ದ ಉಳಿದರ್ಧವನ್ನು ಹಾಗೇ ಬಿಟ್ಟೆ. ಒಂದೇ ಬೆಂಚಿನಿಂದ ಎರಡೂ ಕಡೆ ಜಿಗಿಯಲು ಹೇಳಿದೆ. ಎರಡನೇ ಸಲ ಅವನ ಹಲ್ಲು ಕಟಕ್ಕೆಂದವು. "ಇದೂ ಉಸುಕೇ ಅಲ್ರಿ ಸರ್!" ಅಂದ. ಹೌದು, ಅದೂ ಉಸುಕೇ. ಬರ್ಫೂ ಹಾಗೆಯೇ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು.

ಆ ದಿನದಿಂದ ಹತ್ತು ವಾರ ಅವನಿಗೆ ಕಲಿಸಿದ್ದನ್ನೇ ಇಲ್ಲಿ ಬರೆದಿದ್ದೇನೆ. ಕಲಬುರಗಿ, ಬೀದರ್, ಯಾದಗಿರಿಯ ಹುಡುಗ ಹುಡುಗಿಯರು ಈಗ ಉತ್ತರಾಖಂಡದ ಔಲಿ, ಗುಲ್ಮಾರ್ಗ್ ಕಡೆ ಹೋಗುತ್ತಿದ್ದಾರೆ. ಕೊಡಗಿನ ಭವಾನಿ ತೆಕ್ಕಡ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶವನ್ನು ಪ್ರತಿನಿಧಿಸಿದ ಮೇಲೆ ಕರ್ನಾಟಕದವರಿಗೂ ಈ ಆಟ ದೂರದ್ದಲ್ಲ ಎಂಬ ಧೈರ್ಯ ಬಂದಿದೆ. ಧೈರ್ಯದ ಜೊತೆ ಲೆಕ್ಕವೂ ಇರಲಿ ಎಂಬುದು ನನ್ನ ಕಳಕಳಿ. ಹಾರುವ ಜಾಗವನ್ನು ಎಲ್ಲರೂ ನೋಡುತ್ತಾರೆ, ಕಾಲು ಉಳಿಸುವುದು ಇಳಿಯುವ ಜಾಗ.

ಮೊದಲ ಲೆಕ್ಕ: ಎಷ್ಟು ದೂರದಲ್ಲಿ ನಿಲ್ಲುತ್ತೀರಿ

ನಮ್ಮ ಮನೆಗಳ ನೆಲಕ್ಕೆ ಶಹಾಬಾದಿನ ಫರಸಿ ಹಾಸಿರುತ್ತೇವಲ್ಲ, ಅದರ ಮೇಲೆ 1 ಮೀಟರ್ ಎತ್ತರದಿಂದ ಮೊಣಕಾಲು ಮಡಚದೆ ಕೋಲಿನಂತೆ ಜಿಗಿದಿರಿ ಎನ್ನೋಣ. ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್. ದೇಹ 5 ಸೆಂಟಿಮೀಟರ್ ಅಂತರದೊಳಗೆ ನಿಂತರೆ, ಕಾಲಿನ ಮೇಲೆ ಬೀಳುವ ಸರಾಸರಿ ಬಲ ನಿಮ್ಮ ತೂಕದ 21 ಪಟ್ಟು. 60 ಕೆ.ಜಿ. ಹುಡುಗನಾದರೆ 1,260 ಕೆ.ಜಿ. ಭಾರ, ಅಂದರೆ ಹನ್ನೆರಡೂವರೆ ಕ್ವಿಂಟಲ್ ತೊಗರಿಯನ್ನು ಒಂದು ಗಳಿಗೆ ಕಾಲಮೇಲೆ ಹೊತ್ತಂತೆ. ಅದೇ ಎತ್ತರದಿಂದ ಜಿಗಿದು ಸೊಂಟ, ಮೊಣಕಾಲು ಮಡಚುತ್ತಾ 50 ಸೆಂಟಿಮೀಟರ್ ಅಂತರದಲ್ಲಿ ನಿಂತರೆ ಬಲ 3 ಪಟ್ಟು ಮಾತ್ರ, ಎರಡು ಕ್ವಿಂಟಲ್‌ಗೂ ಕಡಿಮೆ. ಸೂತ್ರ ಸುಲಭ: ಬಿದ್ದ ಎತ್ತರವನ್ನು ನಿಂತ ಅಂತರದಿಂದ ಭಾಗಿಸಿ 1 ಕೂಡಿಸಿದರೆ ತೂಕದ ಎಷ್ಟು ಪಟ್ಟು ಎಂಬುದು ಸಿಗುತ್ತದೆ. ಇದು ಸರಾಸರಿ, ಕ್ಷಣಿಕವಾಗಿ ಬಲ ಇದಕ್ಕಿಂತಲೂ ಮೇಲೇರುತ್ತದೆ.

ನಿಲ್ಲುವ ಅಂತರ ಎರಡು ಕಡೆಯಿಂದ ಸಿಗುತ್ತದೆ. ಒಂದು ನಿಮ್ಮ ಕಾಲು, ಇನ್ನೊಂದು ನೆಲ. ತಾಲೀಮಿನ ಕೆಂಪು ಮಣ್ಣನ್ನು ದಿನಾ ಕೆದರಿ ಮೆದು ಮಾಡುವುದು ಇದಕ್ಕೇ. ಒಲಿಂಪಿಕ್ಸ್‌ನಲ್ಲಿ ಸ್ಕೀ ಮೇಲೆ ಗಾಳಿಗೆ ಹಾರಿ ಪಲ್ಟಿ ಹೊಡೆಯುವ ಏರಿಯಲ್ಸ್ ಸ್ಪರ್ಧೆಯಲ್ಲೂ ಇಳಿಯುವ ಇಳಿಜಾರಿನ ಹಿಮವನ್ನು ಸಲಿಕೆಯಿಂದ ಕಡಿದು ಕಡಿದು ಸಡಿಲ ಮಾಡುತ್ತಾರೆ. ನಮ್ಮ ಪೈಲ್ವಾನರ ಬುದ್ಧಿಯೂ ಅವರ ಬುದ್ಧಿಯೂ ಒಂದೇ.

ಎರಡನೇ ಲೆಕ್ಕ: ಕೋನ

ಇದು ಇಡೀ ವಿಷಯದ ಜೀವ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ದೊಡ್ಡ ಬೆಟ್ಟದ ದಿಬ್ಬದಿಂದ ಬಹುದೂರ ಹಾರುವ ಸ್ಕೀ ಫ್ಲೈಯಿಂಗ್‌ನಲ್ಲಿ ಜನ 250 ಮೀಟರ್‌ಗೂ ಆಚೆ ಹಾರಿ ಇಳಿದಿದ್ದಾರೆ. ಗಂಟೆಗೆ 100 ಕಿ.ಮೀ. ಮೀರಿದ ವೇಗ. ಆದರೂ ನಿಂತೇ ಇಳಿಯುತ್ತಾರೆ. ನಮ್ಮ ಹುಡುಗ ಮಹಡಿಯಿಂದ 3 ಮೀಟರ್ ಕೆಳಗೆ ಜಿಗಿದರೆ ಕಾಲು ಮುರಿಯಬಹುದು. ವ್ಯತ್ಯಾಸ ಇಷ್ಟೇ: ಅಲ್ಲಿ ಬೆಟ್ಟದ ಇಳಿಜಾರು ಹಾರುವವನ ದಾರಿಯ ಜೊತೆಜೊತೆಗೇ ಇಳಿಯುತ್ತಾ ಹೋಗುತ್ತದೆ. ನೆಲಕ್ಕೆ ಅವನು ಅಪ್ಪಳಿಸುವುದಿಲ್ಲ, ಸವರಿಕೊಂಡು ಸೇರುತ್ತಾನೆ. ನೆಲದ ಉದ್ದಕ್ಕೂ ಇರುವ ವೇಗ ಜಾರುತ್ತಾ ಕಳೆದುಹೋಗುತ್ತದೆ. ನೆಲಕ್ಕೆ ಲಂಬವಾಗಿರುವ ವೇಗವನ್ನು ಮಾತ್ರ ಕಾಲು ನುಂಗಬೇಕು.

ಈ ಲಂಬ ವೇಗ ಎಷ್ಟು ಎತ್ತರದಿಂದ ನೇರವಾಗಿ ಬಿದ್ದದ್ದಕ್ಕೆ ಸಮ ಎಂದು ಲೆಕ್ಕ ಹಾಕುವ ಅಳತೆಗೆ ‘ಸಮಾನ ಪತನದ ಎತ್ತರ’ ಎನ್ನೋಣ. ಅಮೆರಿಕದ ಎಂಜಿನಿಯರ್ ಮಾಂಟ್ ಹಬ್ಬರ್ಡ್, ಭೌತವಿಜ್ಞಾನಿ ಜೇಮ್ಸ್ ಮ್ಯಾಕ್‌ನೀಲ್ ಮುಂತಾದವರು ಸ್ಕೀ ಪಾರ್ಕ್‌ಗಳಲ್ಲಿ, ಅಂದರೆ ಹಾರಲೆಂದೇ ದಿಬ್ಬ ಕಟ್ಟಿದ ಜಾಗಗಳಲ್ಲಿ, ಜಿಗಿತಗಳನ್ನು ಈ ಅಳತೆಯ ಮೇಲೆಯೇ ವಿನ್ಯಾಸ ಮಾಡಬೇಕೆಂದು ವರ್ಷಗಳಿಂದ ವಾದಿಸುತ್ತಾ ಬಂದಿದ್ದಾರೆ.

ಲೆಕ್ಕ ಹೀಗೆ. ಇಳಿಯುವಾಗಿನ ವೇಗವನ್ನು (ಸೆಕೆಂಡಿಗೆ ಎಷ್ಟು ಮೀಟರ್ ಎಂಬ ಲೆಕ್ಕದಲ್ಲಿ), ನಿಮ್ಮ ಹಾರಾಟದ ದಾರಿಗೂ ನೆಲಕ್ಕೂ ನಡುವಿನ ಕೋನದ ಸೈನ್‌ನಿಂದ ಗುಣಿಸಿ. ಬಂದದ್ದನ್ನು ವರ್ಗ ಮಾಡಿ 19.6ರಿಂದ ಭಾಗಿಸಿ. ಪಿಯುಸಿ ವಿಜ್ಞಾನ ಓದಿದವರಿಗೆ ಇದು ಎರಡು ನಿಮಿಷದ ಕೆಲಸ. ಉದಾಹರಣೆಗೆ, ಸೆಕೆಂಡಿಗೆ 12 ಮೀಟರ್, ಅಂದರೆ ಗಂಟೆಗೆ 43 ಕಿ.ಮೀ. ವೇಗದಲ್ಲಿ, ಕೆಳಮುಖವಾಗಿ 35 ಡಿಗ್ರಿಯಲ್ಲಿ ಬರುತ್ತಿದ್ದೀರಿ. ನೆಲ 25 ಡಿಗ್ರಿ ಇಳಿಜಾರಾಗಿದ್ದರೆ ನಡುವಿನ ಕೋನ 10 ಡಿಗ್ರಿ, ಸಮಾನ ಪತನದ ಎತ್ತರ 22 ಸೆಂಟಿಮೀಟರ್. ಒಂದು ಮೆಟ್ಟಿಲು ಇಳಿದಷ್ಟೇ. ಇಳಿಜಾರು 15 ಡಿಗ್ರಿ ಆದರೆ 86 ಸೆಂಟಿಮೀಟರ್. ನೆಲ ಸಪಾಟಾಗಿದ್ದರೆ 2.4 ಮೀಟರ್! ಅದೇ ಹುಡುಗ, ಅದೇ ವೇಗ, ಅದೇ ಎತ್ತರ. ಬದಲಾದದ್ದು ನೆಲದ ಓರೆ ಮಾತ್ರ.

ಪಳಗಿದ ಕ್ರೀಡಾಪಟುವಿನ ಕಾಲು ತಡೆಯಬಲ್ಲದ್ದು ಸುಮಾರು 1.5 ಮೀಟರ್. ಅದರಾಚೆ ಮೊಣಕಾಲು ಪೂರಾ ಕುಸಿದು ದೇಹದ ಹತೋಟಿ ತಪ್ಪುತ್ತದೆ. ಕಲಿಯುವವರಿಗೆ ನಾನು ಅರ್ಧ ಮೀಟರ್‌ಗಿಂತ ಮೇಲೆ ಒಪ್ಪುವುದಿಲ್ಲ. ಇದು ನನ್ನ ತೀರ್ಮಾನ, ಇದನ್ನು ಬದಲಿಸುವ ಮನಸ್ಸೂ ಇಲ್ಲ.

ಊರಲ್ಲೇ ಮಾಡಬೇಕಾದ ಹತ್ತು ವಾರದ ತಯಾರಿ

ಹಿಮ ನೋಡುವ ಮೊದಲೇ ಇಳಿಯುವುದನ್ನು ಕಲಿಯಬಹುದು. ನವೆಂಬರ್‌ನಿಂದ ಜನವರಿಯವರೆಗೆ ನಮ್ಮ ಕಡೆ ಬೆಳಗಿನ ಆರು ಗಂಟೆಯ ಹವೆ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ಮೊದಲ ಎರಡು ವಾರ ಜಿಗಿಯಲೇಬೇಡಿ. ಬರೀ ಬಲ ಕಟ್ಟಿ. ತಾಲೀಮಿಗೆ ಹೋಗುವವರು "ಬೈಠಕ್ ಹೊಡೀತೀನ್ರಿ, ಸಾಕಲ್ರಿ?" ಎಂದು ಕೇಳುತ್ತಾರೆ. ಬೈಠಕ್ ಒಳ್ಳೆಯದೇ, ಆದರೆ ಅದರಲ್ಲಿ ಕೆಳಗೆ ಕೂತಾಗ ಹಿಮ್ಮಡಿ ಮೇಲೇಳುತ್ತದೆ. ಸ್ಕೀ ಬೂಟಿನಲ್ಲಿ ಹಿಮ್ಮಡಿ ಏಳುವುದಿಲ್ಲ. ಹಾಗಾಗಿ ಹಿಮ್ಮಡಿ ನೆಲಕ್ಕೆ ಊರಿ, ಸೊಂಟವನ್ನು ಹಿಂದಕ್ಕೆ ಸರಿಸಿ, ಮೊಣಕಾಲು ಪಾದದ ನೇರಕ್ಕೇ ಇರುವಂತೆ ಕೂತು ಏಳಿ. ದಿನಕ್ಕೆ 12ರಂತೆ 3 ಸುತ್ತು. ಒಂದು ಕಾಲು ಮುಂದಿಟ್ಟು ಕೂರುವುದು, ತೊಡೆಯ ಹಿಂಭಾಗದ ಸ್ನಾಯುವಿಗೆ ವ್ಯಾಯಾಮ, ಇವೂ ಜೊತೆಗಿರಲಿ. ತೊಡೆಯ ಹಿಂಭಾಗದ ಸ್ನಾಯು ಮೊಣಕಾಲಿನೊಳಗಿನ ಎಸಿಎಲ್ ತಂತುವಿಗೆ ಕಾವಲುಗಾರ. ಎಲ್ಲರೂ ಮುಂಭಾಗವನ್ನೇ ಬೆಳೆಸಿ ಅದನ್ನು ಮರೆಯುತ್ತಾರೆ.

ಮೂರನೇ ವಾರದಿಂದ ಮೆಟ್ಟಿಲು. 20 ಸೆಂಟಿಮೀಟರ್ ಎತ್ತರದಿಂದ ಜಿಗಿಯದೆ, ಸುಮ್ಮನೆ ಒಂದು ಹೆಜ್ಜೆ ಮುಂದಿಟ್ಟು ಬೀಳಿ. ಎರಡೂ ಕಾಲು ಒಟ್ಟಿಗೆ ಮುಟ್ಟಬೇಕು. ಇಳಿದು ಮೂರು ಎಣಿಸುವವರೆಗೆ ಅಲುಗಾಡದೆ ನಿಲ್ಲಬೇಕು. ಮುಖ್ಯ ಪರೀಕ್ಷೆ ಕಿವಿಯದು: ಸಪ್ಪಳ ಆಗಬಾರದು. ಧಪ್ ಎಂದರೆ ನೆಲ ನಿಮ್ಮನ್ನು ನಿಲ್ಲಿಸಿತು ಎಂದರ್ಥ, ನೀವು ನಿಂತಿಲ್ಲ. 6 ಸಲದಂತೆ 3 ಸುತ್ತು, ವಾರಕ್ಕೆ ಮೂರೇ ದಿನ. ನಡುವೆ ಬಿಡುವು ಬೇಕೇ ಬೇಕು.

ಗೆಳೆಯನಿಗೆ ಫೋನ್ ಕೊಟ್ಟು ಎದುರಿನಿಂದ ಸ್ಲೋ ಮೋಷನ್ ತೆಗೆಸಿ. ಇಳಿದ ಕ್ಷಣ ಮೊಣಕಾಲುಗಳು ಒಂದನ್ನೊಂದು ನೋಡುವಂತೆ ಒಳಗೆ ವಾಲಿದರೆ ಅಲ್ಲೇ ನಿಲ್ಲಿಸಿ, ಎತ್ತರ ಏರಿಸಬೇಡಿ. ಎಸಿಎಲ್ ಹರಿಯುವ ದಾರಿಗಳಲ್ಲಿ ಇದೂ ಒಂದು. ಜಿಗಿತದ ಆಟಗಳಲ್ಲಿ ಹುಡುಗಿಯರಿಗೆ ಈ ಗಾಯದ ಸಂಭವ ಹುಡುಗರಿಗಿಂತ ಹೆಚ್ಚು. ಆದ್ದರಿಂದ ಹೆಣ್ಣುಮಕ್ಕಳಿಗೆ ಕಲಿಸುವ ತರಬೇತುದಾರರು ಈ ವಿಡಿಯೊವನ್ನು ಪ್ರತಿ ವಾರ ನೋಡಲೇಬೇಕು.

ಐದನೇ ವಾರ 30 ಸೆಂಟಿಮೀಟರ್, ಏಳನೇ ವಾರ 40. ಅದಕ್ಕಿಂತ ಮೇಲೆ ಹೋಗುವ ಅಗತ್ಯವಿಲ್ಲ. ಎತ್ತರದ ಬದಲು ಈಗ ಮುಂದಕ್ಕೆ ಚಲನೆ ಸೇರಿಸಿ: ನಾಲ್ಕು ಹೆಜ್ಜೆ ಓಡಿ, ಜಿಗಿದು, ಇಳಿದು, ತೂಗದೆ ನಿಲ್ಲುವುದು. ನಂತರ ಗಾಳಿಯಲ್ಲಿ ಇಡೀ ದೇಹ ಕಾಲು ಸುತ್ತು, ಅಂದರೆ 90 ಡಿಗ್ರಿ, ತಿರುಗಿ ಇಳಿಯುವುದು.

ಕೊನೆಯ ಎರಡು ವಾರದ ಅಭ್ಯಾಸವನ್ನು ನಾನು ಬೇರೆ ಕಡೆ ಕಂಡಿಲ್ಲ, ಆದರೆ ನನ್ನ ಹುಡುಗನಿಗೆ ಹೆಚ್ಚು ಉಪಯೋಗವಾದದ್ದು ಅದೇ. ಬರಿಗಾಲಿನಲ್ಲಿ ನಾವು ಸಹಜವಾಗಿ ಬೆರಳುತುದಿಯಿಂದ ಇಳಿಯುತ್ತೇವೆ. ಪಾದದ ಕೀಲು ಮೊದಲ ಸ್ಪ್ರಿಂಗ್. ಸ್ಕೀ ಬೂಟು ಆ ಕೀಲನ್ನು ಕಟ್ಟಿಹಾಕುತ್ತದೆ, ಒಂದು ಸ್ಪ್ರಿಂಗ್ ಹೋಯಿತು. ಉಳಿದ ಭಾರ ಮೊಣಕಾಲು, ಸೊಂಟದ ಪಾಲು. ಹಾಗಾಗಿ 20 ಸೆಂಟಿಮೀಟರ್‌ಗೆ ವಾಪಸು ಬಂದು, ಇಡೀ ಪಾದ ಒಮ್ಮೆಗೇ ಮುಟ್ಟುವಂತೆ, ಮೊಣಕಾಲ ಕೆಳಗಿನ ಮೂಳೆ ಸ್ವಲ್ಪ ಮುಂದಕ್ಕೆ ಬಾಗಿರುವಂತೆ, ಕೈ ಎರಡೂ ಮುಂದೆ ಕಾಣುವಂತೆ ಇಳಿಯಿರಿ. ಮೊದಲ ದಿನ ಸಪ್ಪಳ ಜೋರಾಗಿಯೇ ಬರುತ್ತದೆ. ಸೊಂಟ ಮಡಚುವುದನ್ನು ಕಲಿತಂತೆ ಅದು ತಗ್ಗುತ್ತದೆ.

ಓರೆಯ ಅನುಭವ ಬೇಕೆಂದರೆ ಹೊಲದ ಒಡ್ಡಿನ ಮೇಲಿಂದ ಅದರ ಇಳಿಜಾರಿನ ಮೇಲೊಮ್ಮೆ, ಸಪಾಟಿನ ಮೇಲೊಮ್ಮೆ ಮೊಣಕಾಲು ಎತ್ತರದಿಂದ ಜಿಗಿದು ನೋಡಿ. ಲೆಕ್ಕ ಕಾಲಿಗೇ ತಿಳಿಯುತ್ತದೆ. ಒಂದು ಎಚ್ಚರ: ನಮ್ಮ ಎರೆ ಭೂಮಿ ಒಣಗಿದಂತೆ ಬಿರುಕು ಬಿಡುತ್ತದೆ, ಅದರಲ್ಲಿ ಪಾದ ಸಿಕ್ಕರೆ ಕಥೆ ಮುಗಿಯಿತು. ಮೊದಲು ನಡೆದು ನೋಡಿ.

ಬೆಟ್ಟದ ಮೇಲೆ: ಜಿಗಿತವನ್ನು ಓದುವುದು

ಗುಲ್ಮಾರ್ಗ್ 2,650 ಮೀಟರ್ ಎತ್ತರದಲ್ಲಿದೆ, ನಮ್ಮ ಕಲಬುರಗಿ ಸುಮಾರು 450ರಲ್ಲಿ. ಮೊದಲ ದಿನ ಉಸಿರು ಸಾಲದು, ವಿಶ್ರಾಂತಿ ಬೇಕು. ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯಂಥ ಕಡೆ ಕೋರ್ಸ್ ಸೇರಿದವರಿಗೆ ಮೊದಲು ನಿಲ್ಲುವುದು, ತಿರುಗುವುದು, ವೇಗ ತಗ್ಗಿಸುವುದೇ ಪಾಠ. ಯಾವ ಇಳಿಜಾರಿನಲ್ಲೂ ಬೇಕೆಂದಾಗ ನಿಲ್ಲಲು ಬರುವವರೆಗೆ ಜಿಗಿತದ ಮಾತೇ ಬೇಡ.

ಪಾರ್ಕಿನ ಸಾಮಾನ್ಯ ಜಿಗಿತದಲ್ಲಿ ಓಡಿಬರುವ ಇಳಿಜಾರು, ಮೇಲಕ್ಕೆ ಎತ್ತುವ ದಿಬ್ಬ, ಅದರಾಚೆ ಟೇಬಲ್ ಎನ್ನುವ ಸಪಾಟು, ಸಪಾಟು ಮುಗಿದು ಇಳಿಜಾರು ಶುರುವಾಗುವ ಏಣು, ಇಳಿಜಾರು, ಕೊನೆಗೆ ನಿಲ್ಲುವ ಬಯಲು ಇರುತ್ತವೆ. ಈ ಏಣನ್ನು ಅಲ್ಲಿನವರು ನಕಲ್, ಅಂದರೆ ಬೆರಳಿನ ಗೆಣ್ಣು, ಎನ್ನುತ್ತಾರೆ. ಅಪಾಯ ಎರಡು ತುದಿಯಲ್ಲಿದೆ. ವೇಗ ಕಡಿಮೆಯಾದರೆ ಟೇಬಲ್ ಅಥವಾ ನಕಲ್ ಮೇಲೆ ಬೀಳುತ್ತೀರಿ. ಹೆಚ್ಚಾದರೆ ಇಳಿಜಾರು ದಾಟಿ ಕೊನೆಯ ಸಪಾಟಿಗೆ. ಎರಡರಲ್ಲಿ ಎರಡನೆಯದು ಕ್ರೂರ, ಏಕೆಂದರೆ ಅಷ್ಟು ಹೊತ್ತಿಗೆ ಬಹಳ ಕೆಳಗೆ ಬಿದ್ದಿರುತ್ತೀರಿ, ನೆಲ ಮಾತ್ರ ಓರೆಯಾಗಿರುವುದಿಲ್ಲ. ಹಾರುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ ಎಂಬುದನ್ನು ಮರೆಯಬೇಡಿ. ವೇಗ ಹತ್ತಕ್ಕೆ ಒಂದು ಪಾಲು ಹೆಚ್ಚಾದರೂ ದೂರ ಐದನೇ ಒಂದು ಪಾಲು ಹೆಚ್ಚು.

ಮೊದಲು ಸ್ಕೀ ಕಳಚಿ, ಬದಿಯಿಂದ, ಬೋಧಕರ ಜೊತೆ ನಡೆದು ನೋಡಿ. ದಿಬ್ಬದ ತುದಿಯ ಕೊನೆಯ ಭಾಗ ನೇರವಾಗಿದೆಯೇ ಎಂದು ಗಮನಿಸಿ. ತುದಿಯವರೆಗೂ ಬಾಣಲೆಯಂತೆ ಮೇಲಕ್ಕೆ ಬಾಗಿದ್ದರೆ ಅದು ನಿಮ್ಮನ್ನು ಹಿಂದಕ್ಕೆ ತಿರುಗಿಸಿ ಎಸೆಯುತ್ತದೆ. ಬೇಡವೆಂದರೂ ತಲೆ ಕೆಳಗಾಗುತ್ತದೆ, ಕುತ್ತಿಗೆಯ ಮೇಲೆ ಬಿದ್ದು ಬೆನ್ನುಹುರಿಗೆ ಪೆಟ್ಟಾಗುವ ದಾರಿ ಅದು. ಅಂಥ ದಿಬ್ಬವನ್ನು ಬಿಟ್ಟು ಬನ್ನಿ, ಯಾರು ಏನೇ ಅನ್ನಲಿ.

ಜಿಗಿತ ನಿಂತಿರುವ ಹೊತ್ತಿನಲ್ಲಿ ಇಳಿಜಾರಿನ ಮೇಲೆ ಒಂದು ಸ್ಕೀ ಮಲಗಿಸಿ, ಅದರ ಮೇಲೆ ಫೋನಿಟ್ಟು ಲೆವೆಲ್ ಆ್ಯಪ್ ತೆರೆದರೆ ಓರೆ ಎಷ್ಟು ಡಿಗ್ರಿ ಎಂದು ತಿಳಿಯುತ್ತದೆ. ಬೇರೆಯವರು ಹಾರುವುದನ್ನು ಬದಿಯಿಂದ ವಿಡಿಯೊ ಮಾಡಿ, ಇಳಿಯುವ ಮುಂಚಿನ ಎರಡು ಚೌಕಟ್ಟುಗಳಲ್ಲಿ ಅವರು ಯಾವ ಕೋನದಲ್ಲಿ ಬರುತ್ತಿದ್ದಾರೆ ನೋಡಿ. ವೇಗಕ್ಕೆ ದಿಬ್ಬದ ಮುಂಚೆ 10 ಮೀಟರ್ ಗುರುತು ಹಾಕಿ: ಒಂದು ಸೆಕೆಂಡಿನಲ್ಲಿ ದಾಟಿದರೆ ಗಂಟೆಗೆ 36 ಕಿ.ಮೀ. ಇದು ಹೊರಡುವ ವೇಗ, ಕೆಳಗಿಳಿಯುವಾಗ ಇನ್ನಷ್ಟು ಹೆಚ್ಚಿರುತ್ತದೆ. ಅದನ್ನೂ ಸೇರಿಸಿಕೊಂಡು ಮೇಲಿನ ಲೆಕ್ಕಕ್ಕೆ ಹಾಕಿ, ಅರ್ಧ ಮೀಟರ್ ಮೀರಿದರೆ ಇನ್ನೂ ಚಿಕ್ಕದನ್ನು ಹುಡುಕಿ. ಹೋದವರು ಈ ಕೆಲಸವನ್ನು ಬೇಸರವೆಂದು ಬಿಡುತ್ತಾರೆ. ನನಗೆ ಮಾತ್ರ ಇದೇ ಅತ್ಯಂತ ಖುಷಿಯ ಭಾಗ. ಕಣ್ಣಿಗೆ ಕಾಣದ ಬಲ ಕಾಗದದ ಮೇಲೆ ಕಾಣುತ್ತದೆ.

ಹೊತ್ತು ನೋಡಿ. ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಿಗ್ಗೆ ಫರಸಿಯಂತೆಯೇ ಗಟ್ಟಿ, ಅದರ ಮೇಲೆ ವೇಗವೂ ಹೆಚ್ಚು. ಬಿಸಿಲೇರಿದ ಮೇಲೆ ಮೆದುವಾಗಿ ಸ್ಕೀಯನ್ನು ಹಿಡಿದುಕೊಳ್ಳುತ್ತದೆ, ವೇಗ ಕುಸಿದು ನಕಲ್ ಮೇಲೆ ಬೀಳುತ್ತೀರಿ. ನಿನ್ನೆ ಸರಿಹೋದ ಓಟ ಇಂದು ಸರಿಹೋಗದು, ಪ್ರತಿ ಸಲ ಜಿಗಿಯದೆ ಒಮ್ಮೆ ಬದಿಯಿಂದ ಇಳಿದು ವೇಗ ಪರೀಕ್ಷಿಸಿ. ಮೋಡ ಕವಿದು ಬೆಳಕು ಮಂಕಾದರೆ ನೆಲದ ಓರೆ ಕಣ್ಣಿಗೆ ಕಾಣುವುದೇ ಇಲ್ಲ. ಆ ದಿನ ಚಹಾ ಕುಡಿಯುತ್ತಾ ಕೂರಿ.

ಗಾಳಿಯಲ್ಲಿ, ಮತ್ತೆ ನೆಲದಲ್ಲಿ

ದಿಬ್ಬದ ತುದಿಯಲ್ಲಿ ಹೆದರಿ ಹಿಂದಕ್ಕೆ ವಾಲುವುದು ಹೊಸಬರ ಸಹಜ ತಪ್ಪು. ಹಿಂದೆ ವಾಲಿದವನ ಸ್ಕೀಯ ಬಾಲ ಮೊದಲು ನೆಲ ಮುಟ್ಟುತ್ತದೆ, ಮುಂಭಾಗ ಕೆಳಕ್ಕೆ ಬಡಿಯುತ್ತದೆ, ಬೂಟಿನ ಹಿಂಭಾಗದ ಗಟ್ಟಿ ಗೋಡೆ ಕಾಲಿನ ಮೂಳೆಯನ್ನು ಮುಂದಕ್ಕೆ ದಬ್ಬುತ್ತದೆ. ತೊಡೆಮೂಳೆ ಹಿಂದೆ, ಕೆಳಗಿನ ಮೂಳೆ ಮುಂದೆ, ನಡುವೆ ಎಸಿಎಲ್ ಹರಿಯುತ್ತದೆ. ಬೂಟು ಮೂಳೆಯನ್ನು ಕಾಪಾಡುತ್ತದೆ, ಮೊಣಕಾಲನ್ನು ಕಾಪಾಡುವುದಿಲ್ಲ. ಇದಕ್ಕಾಗಿಯೇ ಊರಲ್ಲಿ ಕೈ ಮುಂದಿಟ್ಟು ಇಳಿಯುವ ಅಭ್ಯಾಸ ಮಾಡಿಸಿದ್ದು. ಕಾಲಿನ ಮುಂಭಾಗ ಬೂಟಿನ ನಾಲಿಗೆಗೆ ಒತ್ತಿಕೊಂಡಿರಲಿ, ಕಣ್ಣು ಇಳಿಯುವ ಜಾಗದ ಮೇಲಿರಲಿ, ಎರಡೂ ಸ್ಕೀ ಒಟ್ಟಿಗೆ ಮುಟ್ಟಲಿ. ಇಳಿಯುವ ಮುನ್ನ ಕಾಲು ಸ್ವಲ್ಪ ಚಾಚಿ, ಪೂರಾ ನೆಟ್ಟಗೆ ಬೇಡ. ಮುಟ್ಟಿದ ಕೂಡಲೇ ಮಡಚುತ್ತಾ ಹೋಗಿ. ಚಾಚಿಟ್ಟದ್ದೇ ನಿಮ್ಮ ನಿಲ್ಲುವ ಅಂತರ.

ಬಿದ್ದೇಬಿಟ್ಟರೆ ಜಾರುತ್ತಿರುವಾಗಲೇ ಏಳಲು ಹೋಗಬೇಡಿ. ಬಹಳ ಮೊಣಕಾಲುಗಳು ಬಿದ್ದಾಗ ಕೆಡುವುದಿಲ್ಲ, ಏಳಲು ಹೋದಾಗ ಕೆಡುತ್ತವೆ. ಕೈ ಮುಂದೆ, ಸ್ಕೀ ಜೊತೆಯಾಗಿ, ಕಾಲು ಮಡಚಿದಂತೆಯೇ ಇರಲಿ, ಪೂರಾ ನಿಂತ ಮೇಲೆ ಏಳಿ. ಕೈ ಊರಿ ದೇಹ ತಡೆಯಲೂ ಹೋಗಬೇಡಿ. ತಲೆಕೆಳಗಾಗುವ ಯಾವ ಆಟವನ್ನೂ ಏರ್‌ಬ್ಯಾಗ್ (ಗಾಳಿ ತುಂಬಿದ ದೊಡ್ಡ ಹಾಸು) ಅಥವಾ ನೀರಿನ ಕೊಳದ ತರಬೇತಿ ಇಲ್ಲದೆ ಹಿಮದ ಮೇಲೆ ಮಾಡಬಾರದು. ಒಲಿಂಪಿಕ್ಸ್‌ನ ಏರಿಯಲ್ಸ್ ಕ್ರೀಡಾಪಟುಗಳು ಬೇಸಿಗೆಯೆಲ್ಲ ಕೊಳಕ್ಕೇ ಹಾರುತ್ತಾರೆ, ಆ ಕೊಳದ ತಳದಿಂದ ಗುಳ್ಳೆ ಎಬ್ಬಿಸಿ ನೀರನ್ನೂ ಮೆದು ಮಾಡಿರುತ್ತಾರೆ. ನಮ್ಮೂರ ಬಾವಿಗೆ ಮೇಲಿಂದ ಜಿಗಿದು ಹೊಟ್ಟೆ ಬಡಿಸಿಕೊಂಡವರಿಗೆ ಯಾಕೆಂದು ಹೇಳಬೇಕಿಲ್ಲ.

ಹೆಲ್ಮೆಟ್ಟು, ಬೈಂಡಿಂಗು

ಹೆಲ್ಮೆಟ್ ಇಲ್ಲದೆ ಜಿಗಿಯಬಾರದು. ಆದರೆ ಅದರ ಮಿತಿ ತಿಳಿದಿರಲಿ. ಯುರೋಪಿನ ಇಎನ್ 1077 ಮಾನದಂಡದಲ್ಲಿ ಹೆಲ್ಮೆಟನ್ನು 1.5 ಮೀಟರ್ ಎತ್ತರದಿಂದ ಬೀಳಿಸಿ ಪರೀಕ್ಷಿಸುತ್ತಾರೆ. ಅಂದರೆ ಸೆಕೆಂಡಿಗೆ 5.4 ಮೀಟರ್, ಗಂಟೆಗೆ 20 ಕಿ.ಮೀ. ಅಷ್ಟೇ. ನೀವು ಹಾರುವುದು ಅದರ ಎರಡರಷ್ಟು ವೇಗದಲ್ಲಿ. ಹೆಲ್ಮೆಟ್ ಕುತ್ತಿಗೆಯನ್ನೂ ಬೆನ್ನನ್ನೂ ಕಾಯುವುದಿಲ್ಲ. ಜೋರು ಪೆಟ್ಟು ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಸತ್ತಿರುತ್ತದೆ, ಬಾಡಿಗೆ ತರುವಾಗ ಕೇಳಿ, ನೋಡಿ ತನ್ನಿ.

ಬೈಂಡಿಂಗ್ ಎಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ, ಅಪಾಯದಲ್ಲಿ ಬಿಟ್ಟುಕೊಡುವ ಕೊಂಡಿ. ಅದು ಎಷ್ಟು ಬಿಗಿ ಇರಬೇಕೆಂಬುದು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಕೌಶಲದ ಮೇಲೆ ನಿಂತಿದೆ. ಅಂಗಡಿಯವರಿಗೆ ನಿಜವಾದ ತೂಕ ಹೇಳಿ, ಕೌಶಲ ಹೆಚ್ಚು ಹೇಳಬೇಡಿ. "ಬಿಚ್ಚಕೊಳ್ಳಾಕತ್ತದ ಅಣ್ಣಾ, ಸ್ವಲ್ಪ ಟೈಟ್ ಮಾಡು" ಎಂದು ನೀವೇ ಸ್ಕ್ರೂ ತಿರುವಿದರೆ ಬಿಚ್ಚಿಕೊಳ್ಳುವುದು ಮೊಣಕಾಲೇ.

ಪೆಟ್ಟಾದರೆ

ಗೆಳೆಯ ಬಿದ್ದು ಏಳದಿದ್ದರೆ, ಅವನ ಮೇಲ್ಭಾಗದ ಇಳಿಜಾರಿನಲ್ಲಿ ಎರಡು ಸ್ಕೀಗಳನ್ನು ಅಡ್ಡಡ್ಡ ಕತ್ತರಿಯಂತೆ ನೆಡಿ. ಬೆಟ್ಟದ ಭಾಷೆಯಲ್ಲಿ ಅದು "ಇಲ್ಲಿ ಗಾಯಾಳು ಇದ್ದಾನೆ" ಎಂಬ ಸೂಚನೆ. ಒಬ್ಬರು ದಿಬ್ಬದ ಬಳಿ ಹೋಗಿ ಹಾರುವವರನ್ನು ತಡೆಯಲಿ, ಇನ್ನೊಬ್ಬರು ಸ್ಕೀ ಪ್ಯಾಟ್ರೋಲ್, ಅಂದರೆ ಬೆಟ್ಟದ ರಕ್ಷಣಾ ತಂಡವನ್ನು ಕರೆಯಲಿ. ಕುತ್ತಿಗೆ, ಬೆನ್ನು ನೋವು ಅಂದರೆ, ಕೈಕಾಲು ಜೋಮು ಅಂದರೆ ಎತ್ತಿ ಕೂರಿಸಬೇಡಿ, ಹೆಲ್ಮೆಟ್ ಎಳೆಯಬೇಡಿ. ತಲೆಗೆ ಪೆಟ್ಟಾಗಿ ಗೊಂದಲ, ವಾಂತಿ, ತಲೆಸುತ್ತು ಇದ್ದರೆ ಆ ದಿನ ಆಟ ಮುಗಿಯಿತು, ವೈದ್ಯರು ನೋಡುವವರೆಗೆ ಮತ್ತೆ ಹತ್ತಬಾರದು.

ಮೊಣಕಾಲಿನಲ್ಲಿ ಟಪ್ ಎಂಬ ಸದ್ದು ಬಂದು, ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ಒಳಗೆ ರಕ್ತ ಇಳಿದಿರಬಹುದು, ತಂತು ಹರಿದಿರಬಹುದು. ನನಗೆ 24ನೇ ವಯಸ್ಸಿನಲ್ಲಿ ಹೀಗೇ ಆಯಿತು, ಸ್ಕೀ ಮೇಲಲ್ಲ, ಯಾರೂ ಕೆದರದ ಲಾಂಗ್ ಜಂಪ್ ಗುಂಡಿಯಲ್ಲಿ. ಮನೆಯವರು ಪ್ರೀತಿಯಿಂದಲೇ ಎಣ್ಣೆ ಕಾಯಿಸಿ ತಿಕ್ಕಿಸಿದರು, ಎಳೆಸಿದರು, ಮೂರು ವಾರ ಕಟ್ಟಿಸಿದರು. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಹರಿದ ಎಸಿಎಲ್ ಜೊತೆ ಮೊಣಕಾಲಿನ ಗಾದಿಯೂ ಕೆಟ್ಟಿತ್ತು. ನೀವು ತಿಕ್ಕಿಸಬೇಡಿ. ಬರ್ಫ್ ಇಡಿ, ಬಟ್ಟೆಯಲ್ಲಿ ಸುತ್ತಿ, 15ರಿಂದ 20 ನಿಮಿಷ. ಕಾಲು ಎತ್ತರದಲ್ಲಿರಲಿ, ಭಾರ ಊರಬೇಡಿ. ಊರಿಗೆ ಬಂದ ಮರುದಿನವೇ ಮೂಳೆ ವೈದ್ಯರನ್ನು ಕಂಡು, ಅವರು ಹೇಳಿದರೆ ಎಂಆರ್‌ಐ ಮಾಡಿಸಿ.